ಆರು ದಿನ ಕೀಲಿ ಹಾಕಿರುವ ದೇವಾಲಯ ತೆರೆಯುವುದು ಹೇಗೆ

ನಾನು ಧಾರವಾಡದ ಒಂದು ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಖಜಾಂಚಿ. ನಿವೃತ್ತ ಗಣಿತ ಟೀಚರ್, ಹಾಗಾಗಿ ಲೆಕ್ಕದ ಚಟ ಜಾಸ್ತಿ. ವಾರಕ್ಕೆ 168 ತಾಸು, ಅದರಲ್ಲಿ ನಮ್ಮ ದೇವಾಲಯದ, ಅಂದರೆ ಚರ್ಚಿನ, ಬಾಗಿಲು ತೆರೆದಿರುತ್ತಿದ್ದದ್ದು ಐದೇ ತಾಸು. ಈಗ ರವಿವಾರ ಬಿಟ್ಟು ದಿನಾ ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ಹುಡುಗ ಹುಡುಗಿಯರು ಅಲ್ಲಿ ಕೂತು ಓದುತ್ತಾರೆ. ನಿಮ್ಮದು ಚರ್ಚ್ ಇರಲಿ, ಮಠದ ಸಭಾಭವನ ಇರಲಿ, ಭಜನಾ ಮಂದಿರ ಇರಲಿ, ಕೆಲಸ ಹೆಚ್ಚುಕಡಿಮೆ ಒಂದೇ.

ಮೊದಲೇ ಕಮಿಟಿ ಮೀಟಿಂಗ್ ಕರೆಯಬೇಡಿ. ಒಬ್ಬರು ಕಲ್ಯಾಣ ಮಂಟಪ ಅಂತಾರೆ, ಇನ್ನೊಬ್ಬರು ಅಂಗಡಿ ಮಳಿಗೆ ಅಂತಾರೆ, ಚಹಾ ಕುಡಿದು ಎಲ್ಲರೂ ಮನೆಗೆ ಹೋಗುತ್ತಾರೆ. ಅದರ ಬದಲು ಒಂದು ವಾರ ಬಾಗಿಲ ಮುಂದಿನ ಕಟ್ಟೆ ಮೇಲೆ ಸುಮ್ನೆ ಕೂತು, ನಿಮ್ಮ ಅಂಗಳವನ್ನು ಈಗಾಗಲೇ ಯಾರು ಬಳಸುತ್ತಿದ್ದಾರೆ ನೋಡಿ. ನಾನು ಕೂತಾಗ ಕಂಡದ್ದು ಮೂವರು ಹುಡುಗರು. ನಮ್ಮ ಹೊರಗಿನ ಲೈಟಿನ ಕೆಳಗೆ, ತೊಡೆ ಮೇಲೆ ಸಂವಿಧಾನದ ಗೈಡು. ಧಾರವಾಡ ಗೊತ್ತಲ್ವಾ, ಸಪ್ತಾಪುರದ ಕಡೆ ಎಲ್ಲಿ ನೋಡಿದರೂ ಕೋಚಿಂಗ್ ಬೋರ್ಡು. ಕೊಪ್ಪಳ, ರಾಯಚೂರು, ವಿಜಯಪುರದಿಂದ ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ನೌಕರಿ ಪರೀಕ್ಷೆಗೆ ಓದಲು ಬಂದವರು ಒಂದೇ ರೂಮಿನಲ್ಲಿ ನಾಲ್ವರು ಇರುತ್ತಾರೆ. "ಅಕ್ಕೋರ, ರೂಮಿನ್ಯಾಗ ಒಬ್ಬಾಂವ ಮಲಗಿದ್ರ ಲೈಟ್ ಹಚ್ಚಾಕ ಬರಂಗಿಲ್ಲರಿ" ಅಂದ ಒಬ್ಬ.

ಈಗ ಮೀಟಿಂಗ್ ಕರೆಯಿರಿ. ನಮ್ಮಲ್ಲಿ ಹಿರಿಯರೊಬ್ಬರು, "ದೇವರ ಮನಿಯಾಗ ಪೊಲೀಸ್ ಪರೀಕ್ಷಾಕ್ಕ ಓದೂದೇನ್ರೀ?" ಅಂದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದು ಪ್ರಾರ್ಥನೆಯ ಜೊತೆಗೇ ಶಾಲೆಯನ್ನೂ ನಡೆಸಿದವರು. ನಾನು, "ಮಾಮಾ, ನೀವು ಕಲ್ತದ್ದು ಎಲ್ಲೆ?" ಅಂತಷ್ಟೇ ಕೇಳಿದೆ. ಮಿಷನ್ ಶಾಲೆಯಲ್ಲೇ. ಆದರೂ ಅವರ ಮಾತನ್ನು ತಳ್ಳಿಹಾಕಲಿಲ್ಲ. ಬಲಿಪೀಠದ ಮುಂದೆ ಪರದೆ ಕಟ್ಟಿದೆವು, ಅದರಾಚೆ ಯಾರೂ ಹೋಗುವಂತಿಲ್ಲ.

ಕಾಗದಪತ್ರ ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಸಿಎಸ್‌ಐ ಆಸ್ತಿ ಸಾಮಾನ್ಯವಾಗಿ ಟ್ರಸ್ಟ್ ಅಸೋಸಿಯೇಶನ್ ಹೆಸರಿನಲ್ಲಿರುತ್ತದೆ, ಸಭೆಯ ಹೆಸರಿನಲ್ಲಲ್ಲ. ಡಯಾಸಿಸ್ (ಬಿಷಪ್ಪರ ಆಡಳಿತ ಪ್ರಾಂತ) ಕಚೇರಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಬಾಡಿಗೆ ತೆಗೆದುಕೊಳ್ಳುವ ಆಸೆ ಇದ್ದರೆ ಆಸ್ತಿ ತೆರಿಗೆಯ ವಿನಾಯಿತಿ ಏನಾಗುತ್ತದೆ ಅಂತ ಪಾಲಿಕೆಯಲ್ಲಿ ಮೊದಲೇ ಕೇಳಿ. ನಾವು ತೆಗೆದುಕೊಳ್ಳುವುದಿಲ್ಲ, ಬಾಗಿಲ ಹತ್ತಿರ ಒಂದು ಡಬ್ಬಿ ಇಟ್ಟಿದ್ದೇವೆ.

ಓಣಿಯವರನ್ನು ಮನೆ ಮನೆಗೆ ಹೋಗಿ ಮಾತಾಡಿಸಿ. "ಒಳಗ ಪ್ರಾರ್ಥನಾ ಮಾಡಸ್ತಾರೇನು?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಸಿಟ್ಟಾಗಬೇಡಿ. ಓದುವ ತಾಸಿನಲ್ಲಿ ಪ್ರಾರ್ಥನೆ ಇಲ್ಲ, ಉಪದೇಶ ಇಲ್ಲ, ಬೆಂಚಿನ ಮೇಲೆ ಕರಪತ್ರವೂ ಇಲ್ಲ ಅಂತ ಬಾಗಿಲಿಗೇ ಬರೆದು ಹಚ್ಚಿ. ಹಾಗೇ ನಡೆದುಕೊಳ್ಳಿ.

ಸಾಮಾನು ಕೊಳ್ಳುವಲ್ಲಿ ನಾನೇ ತಪ್ಪು ಮಾಡಿದೆ. ಎಂಟು ಪ್ಲಾಸ್ಟಿಕ್ ಟೇಬಲ್ ತಂದು ನಡುದಾರಿಯಲ್ಲಿ ಇಟ್ಟೆ. ಮೊದಲ ರವಿವಾರವೇ ಒಬ್ಬ ಅಜ್ಜಿ ಎಡವಿ ಬಿದ್ದರು. ಆಮೇಲೆ ಬಡಿಗ ಬಂದು ದಾರಿ ತೋರಿಸಿದ. ಪ್ರತಿ ಬೆಂಚಿನ ಬೆನ್ನಿಗೆ ಒಂದಡಿ ಅಗಲದ ಹಲಗೆ, ಎರಡು ಬಿಜಾಗರಿ, ಕೆಳಗೊಂದು ಆನಿಕೆ. ಹಿಂದಿನ ಬೆಂಚಿನವರು ಎತ್ತಿದರೆ ಮೇಜು, ಇಳಿಸಿದರೆ ಮತ್ತೆ ಚರ್ಚ್.

ಕರೆಂಟಿಗೆ ಹೆದರಬೇಡಿ, ಲೆಕ್ಕ ಹಾಕಿ. 20 ವ್ಯಾಟಿನ ಹತ್ತು ಟ್ಯೂಬ್ ಸಂಜೆ ಐದು ತಾಸು ಉರಿದರೆ ಒಂದೇ ಯೂನಿಟ್. ಬಿಲ್ ತಿನ್ನುವುದು ಫ್ಯಾನು. 75 ವ್ಯಾಟಿನ ಆರು ಹಳೇ ಫ್ಯಾನು 13 ತಾಸು ತಿರುಗಿದರೆ ಹತ್ತಿರ ಹತ್ತಿರ ಆರು ಯೂನಿಟ್, ಕಡಿಮೆ ಕರೆಂಟ್ ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಾದರೆ ಎರಡೂವರೆಯೂ ಆಗುವುದಿಲ್ಲ. ಮತ್ತೆ, ಹಂಚಿನ ಮಾಡಾದರೆ ಮಿರಗ (ಮೃಗಶಿರಾ ಮಳೆ) ಕೂಡುವ ಮೊದಲೇ ಹಂಚು ಕೈಯಾಡಿಸಿ. ಸೋರುವ ನೀರಿಗೆ ಯಾರ ನೋಟ್ಸ್ ಅಂತ ಗೊತ್ತಾಗುವುದಿಲ್ಲ.

ಮೊದಲ ತಿಂಗಳು ಒಬ್ಬ ಹುಡುಗಿಯೂ ಬರಲಿಲ್ಲ. ಬೋರ್ಡ್ ಹಚ್ಚಿದೆ, ಹಾಸ್ಟೆಲ್ಲಿಗೆ ಹೋಗಿ ಹೇಳಿ ಬಂದೆ, ಉಪಯೋಗವಾಗಲಿಲ್ಲ. ಕೊನೆಗೆ ಕಸ ಗುಡಿಸುವ ಅಕ್ಕ ಹೇಳಿದಳು: "ಪಾಯಖಾನಿ ಬಾಗಲಕ್ಕ ಒಳಗಿನ ಚಿಲಕಾ ಇಲ್ಲರಿ ಅಕ್ಕೋರ. ಇಬ್ಬರು ಬಂದು ನೋಡಿ ಹ್ವಾದ್ರು." ವರ್ಷಗಟ್ಟಲೆ ಆ ಬಾಗಿಲು ನೋಡಿದ್ದೇನೆ, ನನಗೆ ಹೊಳೆದಿರಲಿಲ್ಲ. ಚಿಲಕ, ಒಂದು ಬಲ್ಬು, ಮುಚ್ಚಳವಿರುವ ಕಸದ ಡಬ್ಬಿ, ಗೇಟಿನವರೆಗೆ ಲೈಟು. ಮುಂದಿನ ವಾರ ನಾಲ್ವರು ಬಂದರು. ಹೊಸ ಬಣ್ಣ, ಟೈಲ್ಸ್ ಎಲ್ಲ ಆಮೇಲೆ. ಮೊದಲ ದುಡ್ಡು ಪಾಯಖಾನೆಗೆ.

ಕೀಲಿ ಕೈಯನ್ನು ಒಬ್ಬರೇ ಇಟ್ಟುಕೊಳ್ಳಬೇಡಿ. ನನ್ನ ಹತ್ತಿರ ಒಂದೇ ಇದ್ದಾಗ ನನಗೆ ಜ್ವರ ಬಂದರೆ ಎಲ್ಲರ ಓದಿಗೂ ರಜೆ. ಈಗ ಮೂರು ಇವೆ, ಒಂದು ಓದುವವರ ಕೈಯಲ್ಲೇ. ತೆಗೆದವರು ಹೆಸರು, ಹೊತ್ತು ಬರೆಯುತ್ತಾರೆ. ಶನಿವಾರ ರಾತ್ರಿ ಹಲಗೆ ಇಳಿಸಿ, ಗುಡಿಸಿ ಹೋಗುವುದು ಅವರದೇ ಕೆಲಸ.

ಒಂದು ಶನಿವಾರ ಇಳಿಸುವುದನ್ನು ಮರೆತರು. ರವಿವಾರ ಆ ಹಿರಿಯರು ಹಲಗೆ ಮೇಲೆ ಹಾಡಿನ ಪುಸ್ತಕ ಇಟ್ಟು, ಕನ್ನಡಕ ಇಟ್ಟು, ಎರಡೂ ಮೊಣಕೈ ಊರಿ ಕೂತರು. ನಾನು ಇಳಿಸಲು ಹೋದರೆ, "ಇರ್ಲಿ ಬಿಡವಾ, ಛಲೋ ಐತಿ" ಅಂದರು.