ಒಂದು, ನಾಲ್ಕು, ಐದು: ನಾನು ಕಂಟ್ರಿ ಆಲ್ಬಂ ಮಾಡಿದ್ದು

ಬೆಳಿಗ್ಗೆ ಹತ್ತಕ್ಕೆ ರೆಕಾರ್ಡಿಂಗ್ ಸೆಷನ್. ಒಂಬತ್ತೂವರೆಗೇ ನಾನು ಸ್ಟುಡಿಯೋ ಬಾಗಿಲಲ್ಲಿದ್ದೆ. ಕಂಟ್ರಿ ಅನ್ನೋ ಅಮೆರಿಕದ ಹಳ್ಳಿಗಾಡಿನ ಹಾಡುಗಳಿಗೆ ಹೆಸರಾದ ಊರು ನ್ಯಾಶ್‌ವಿಲ್. ಅಲ್ಲಿನ ಬೆರಿ ಹಿಲ್ ಅನ್ನೋ ಜಾಗದಲ್ಲಿ ಹಳೇ ಮನೆಗಳೇ ಸ್ಟುಡಿಯೋ ಆಗಿವೆ. ಹೊರಗಿನಿಂದ ನೋಡಿದರೆ ಯಾರೋ ಅಜ್ಜಿ ಇರೋ ಮನೆ ಅನ್ನಿಸುತ್ತೆ. ಒಳಗೆ ಡ್ರಮ್ಸ್, ಬೇಸ್, ಎರಡು ಗಿಟಾರ್, ಪೆಡಲ್ ಸ್ಟೀಲ್ ಅನ್ನೋ ತಂತಿವಾದ್ಯ. ಐದು ಜನ ವಾದ್ಯಗಾರರು. ನನ್ನ ಹಾಡುಗಳನ್ನು ಅವರಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ.

ಮೊಬೈಲಿನಲ್ಲಿ ನಾನೇ ಹಾಡಿ ಇಟ್ಟುಕೊಂಡಿದ್ದ ಡೆಮೊ ಒಂದೇ ಒಂದು ಸಲ ಹಾಕಿದರು. ಅದು ಮುಗಿಯೋ ಹೊತ್ತಿಗೆ ಸೆಷನ್ ಲೀಡರ್ ಇಡೀ ಹಾಡನ್ನು ಒಂದು ಹಾಳೆಯಲ್ಲಿ ಅಂಕಿಗಳಾಗಿ ಬರೆದಿದ್ದರು. ಅದರ ಜೆರಾಕ್ಸ್ ಎಲ್ಲರ ಮುಂದೆ ಬಂತು. ನಾನು ಹಾಡಿ ನೋಡಿದೆ. ಮೇಲಿನ ಸ್ವರಕ್ಕೆ ಗಂಟಲು ಬಿಗಿಯಿತು. "ಶ್ರುತಿ ಅರ್ಧ ಮನೆ ಇಳಿಸೋಣವಾ?" ಎಂದು ಕೇಳಿದರು. ಒಬ್ಬರು ಗಿಟಾರಿನ ಕತ್ತಿಗೆ ಹಾಕುವ ಕೇಪೋ ಅನ್ನೋ ಕ್ಲಿಪ್ಪು ಸರಿಸಿದರು, ಉಳಿದವರು ಸುಮ್ನೆ ತಲೆಯಾಡಿಸಿದರು. ಹಾಳೆಯಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

ನನಗೆ ತೀರ್ಥಹಳ್ಳಿಯ ಟೀಚರ್ ಮನೆ ಜಗಲಿ ನೆನಪಾಯಿತು. ಅಲ್ಲಿ ಎಂಟು ವರ್ಷ ಸಂಗೀತ ಕಲಿತಿದ್ದೆ. ಟೀಚರ್‌ಗೆ ನೆಗಡಿಯಾದ ದಿನ ಶ್ರುತಿ ಪೆಟ್ಟಿಗೆಯ ಸ್ವರ ಇಳಿಸುತ್ತಿದ್ದರು. ಪುಸ್ತಕದಲ್ಲಿದ್ದ ಸ ರಿ ಗ ಮ ಹಾಗೇ ಇರುತ್ತಿತ್ತು. ಇಲ್ಲಿ ನಡೆದದ್ದೂ ಅದೇ ಅಲ್ವಾ? ಸ ಅಂದರೆ ಒಂದು. ಮ ಅಂದರೆ ನಾಲ್ಕು. ಪ ಅಂದರೆ ಐದು. ಇವರ ಮೇಜರ್ ಸ್ಕೇಲ್ ನಮ್ಮ ಶಂಕರಾಭರಣ. ಒಂದೇ ವ್ಯತ್ಯಾಸ, ನಾವು ಒಂದೊಂದೇ ಸ್ವರ ಹಿಡಿಯುತ್ತೇವೆ, ಇವರು ಅದೇ ಸ್ವರದ ಮೇಲೆ ಒಟ್ಟಿಗೆ ಮೊಳಗುವ ಮೂರು ಸ್ವರಗಳ ಗೊಂಚಲು, ಅಂದರೆ ಕಾರ್ಡ್, ಕಟ್ಟುತ್ತಾರೆ.

ಇದನ್ನು ನ್ಯಾಶ್‌ವಿಲ್ ನಂಬರ್ ಸಿಸ್ಟಮ್ ಅನ್ನುತ್ತಾರೆ. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಅನ್ನೋ ಗಾಯಕರ ತಂಡದ ನೀಲ್ ಮ್ಯಾಥ್ಯೂಸ್ ಜೂನಿಯರ್ ತಮ್ಮ ತಂಡಕ್ಕಾಗಿ ಹೀಗೆ ಬರೆದುಕೊಳ್ಳಲು ಶುರು ಮಾಡಿದರು. ಚಾರ್ಲಿ ಮೆಕಾಯ್ ಅನ್ನೋ ವಾದ್ಯಗಾರರು ಅದನ್ನು ನೋಡಿ ವಾದ್ಯಗಾರರ ನಡುವೆ ಬಳಕೆಗೆ ತಂದರು. ಅಂಕಿಯ ಸುತ್ತ ಡೈಮಂಡ್ ಆಕಾರ ಇದ್ದರೆ ಒಂದು ಸಲ ಮೀಟಿ ಹಾಗೇ ಬಿಡಬೇಕು. ಪಕ್ಕದಲ್ಲಿ ಅಡ್ಡಗೆರೆ ಇದ್ದರೆ ಮೈನರ್ ಕಾರ್ಡ್, ಅಂದರೆ ನಡುವಿನ ಸ್ವರ ಅರ್ಧ ಮನೆ ಇಳಿದದ್ದು. ಎರಡು ಅಂಕಿಗಳ ಕೆಳಗೆ ಒಂದೇ ಗೆರೆ ಎಳೆದಿದ್ದರೆ ಒಂದು ಬಾರ್‌ನಲ್ಲಿ, ಅಂದರೆ ತಾಳದ ಒಂದು ಆವರ್ತದಲ್ಲಿ, ಎರಡು ಕಾರ್ಡ್. ಒಂದು ಸಂಜೆ ಕೂತರೆ ಕಲಿಯಬಹುದು. ಇಲ್ಲಿ ಒಂದು ಸೆಷನ್ ಅಂದರೆ ಮೂರು ಗಂಟೆ. ಹತ್ತರಿಂದ ಒಂದು, ಎರಡರಿಂದ ಐದು, ಆರರಿಂದ ಒಂಬತ್ತು. ಆ ಮೂರು ಗಂಟೆಯಲ್ಲಿ ನಮ್ಮದು ಮೂರು ಹಾಡು ಮುಗಿಯಿತು. ಈ ಹಾಳೆ ಇಲ್ಲದಿದ್ದರೆ ಅದು ಆಗುವ ಮಾತಲ್ಲ.

ಆದರೆ ಆ ಮೂರು ಗಂಟೆಯ ಹಿಂದೆ ನಾಲ್ಕು ವರ್ಷ ಇದೆ. ನನ್ನ ಕೆಲಸ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ. ಹಾಡು ಬರೆಯೋದಕ್ಕೆ ಸಿಗುತ್ತಿದ್ದದ್ದು ಶನಿವಾರ ಬೆಳಿಗ್ಗೆ ಮಾತ್ರ. ಈ ಊರಲ್ಲಿ ಇಬ್ಬರೋ ಮೂವರೋ ಒಂದು ಕೋಣೆಯಲ್ಲಿ ಕೂತು ಹಾಡು ಕಟ್ಟೋ ರೂಢಿ ಇದೆ. ಕೋಣೆಯಲ್ಲಿ ಇದ್ದವರಿಗೆಲ್ಲ ಸಾಮಾನ್ಯವಾಗಿ ಹಾಡಿನ ಹಕ್ಕಿನಲ್ಲಿ ಸಮಪಾಲು. ಒಬ್ಬರು ಇಡೀ ಚರಣ ಬರೆದಿರಲಿ, ಇನ್ನೊಬ್ಬರು ಒಂದೇ ಪದ ಕೊಟ್ಟಿರಲಿ. ಮೊದಮೊದಲು ನನಗಿದು ಅನ್ಯಾಯ ಅನ್ನಿಸಿತ್ತು. ಈಗ ಇದೇ ಸರಿ ಅನ್ನಿಸುತ್ತೆ. ಲೆಕ್ಕ ಹಾಕೋಕೆ ಹೋದರೆ ಯಾರೂ ಬಾಯಿ ಬಿಟ್ಟು ಮಾತಾಡಲ್ಲ.

ಒಂದು ಹಾಡು ನಮ್ಮೂರಿಂದ ಶಿವಮೊಗ್ಗಕ್ಕೆ ಹೋಗುವ ಕೆಂಪು ಬಸ್ಸಿನ ಬಗ್ಗೆ. ಕಾಲೇಜಿಗೆ ಹೊರಟ ಮೊದಲ ದಿನ, ಅಮ್ಮ ಕಿಟಕಿಯಿಂದ ತಿಂಡಿ ಡಬ್ಬಿ ಕೊಟ್ಟದ್ದು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತದ್ದು. ಜೊತೆಗೆ ಬರೆಯುತ್ತಿದ್ದವರು ಬಸ್ಸಿನ ಬದಲು ಪಿಕಪ್ ಟ್ರಕ್ ಇಡೋಣ, ಇಲ್ಲಿನವರಿಗೆ ಬೇಗ ತಲುಪುತ್ತೆ ಎಂದರು. ನಾನು ಒಪ್ಪಲಿಲ್ಲ. ಕಂಟ್ರಿ ಹಾಡಿನ ಜೀವ ಇರೋದೇ ಕಣ್ಣಿಗೆ ಕಾಣುವ ವಸ್ತುವಿನಲ್ಲಿ. ನಾನು ಯಾವತ್ತೂ ಹತ್ತದ ಟ್ರಕ್ಕನ್ನು ಹಾಡಿದರೆ ದನಿಯಲ್ಲೇ ಗೊತ್ತಾಗುತ್ತೆ. ಕೊನೆಗೆ ಬಸ್ಸೇ ಉಳಿಯಿತು. ತಿಂಡಿ ಡಬ್ಬಿಯೂ ಉಳಿಯಿತು.

ಹಾಡುವುದರಲ್ಲಿ ನಾನು ಪಟ್ಟ ಕಷ್ಟ ಬೇರೆ. ಸ್ವರವನ್ನು ಬೋಳಾಗಿ ಬಿಡಬಾರದು ಅಂತ ನನಗೆ ಕಲಿಸಿದ್ದರು. ಗಮಕ ಇಲ್ಲದ ಸ್ವರಕ್ಕೆ ಉಸಿರಿಲ್ಲ ಅನ್ನೋದು ಮೈಗೆ ಹತ್ತಿಬಿಟ್ಟಿತ್ತು. ಇಲ್ಲಿ ಮಾತು ಮುಂದೆ, ಸ್ವರ ಹಿಂದೆ. ನನ್ನ ಗಂಟಲು ತಾನಾಗಿ ಅಲುಗುತ್ತಿತ್ತು, ಪದ ಮಸುಕಾಗುತ್ತಿತ್ತು. ಎರಡು ತಿಂಗಳು ದಿನವೂ ಕಾರಿನಲ್ಲಿ ಸಾಹಿತ್ಯವನ್ನು ಬರೀ ಮಾತಿನ ಹಾಗೆ ಹೇಳಿಕೊಂಡೆ. ಆಮೇಲೆ ಅದೇ ಓಟದಲ್ಲಿ ಹಾಡಿದೆ. ಆಗ ಸರಿಹೋಯಿತು.

ಆ ಗಮಕ ಎಲ್ಲೂ ಹೋಗಲಿಲ್ಲ, ಪೆಡಲ್ ಸ್ಟೀಲ್‌ಗೆ ಹೋಯಿತು. ಈ ವಾದ್ಯದ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಮೇಜಿನ ಹಾಗೆ ಮುಂದೆ ಇರುತ್ತೆ. ಇ9 ಅನ್ನೋ ಶ್ರುತಿ ಜೋಡಣೆಯಲ್ಲಿ ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ಕಡ್ಡಿ ಜಾರುತ್ತೆ. ಎಡಗಾಲು ಪೆಡಲ್ ತುಳಿದು ತಂತಿಯ ಸ್ವರ ಏರಿಸುತ್ತೆ, ಮೊಣಕಾಲು ಪಕ್ಕದ ಲಿವರ್ ತಳ್ಳುತ್ತೆ, ಬಲಗಾಲು ಸದ್ದನ್ನು ಹೆಚ್ಚು ಕಡಿಮೆ ಮಾಡುತ್ತೆ. 1954ರಲ್ಲಿ ಹೊರಬಂದ ಒಂದು ರೆಕಾರ್ಡಿನಲ್ಲಿ ಬಡ್ ಐಸಾಕ್ಸ್ ಅನ್ನೋ ವಾದಕರು ತಂತಿ ಮೊಳಗುತ್ತಿರುವಾಗಲೇ ಪೆಡಲ್ ತುಳಿದರು. ಆಮೇಲೆ ಎಲ್ಲರಿಗೂ ಆ ನಾದವೇ ಬೇಕಾಯಿತು. ನಮ್ಮ ಗೋಟುವಾದ್ಯದಲ್ಲೂ ತಂತಿಯ ಮೇಲೆ ಕೊರಡು ಜಾರಿಸುತ್ತಾರಲ್ಲ, ಅದೇ ಸುಖ ಇಲ್ಲೂ ಇದೆ. ಮೊದಲ ಸಲ ಹತ್ತಿರ ಕೂತು ಕೇಳಿದಾಗ ನಾನು ಅತ್ತಿದ್ದೆ.

ಅದನ್ನು ನುಡಿಸಿದವರು ನನಗೆ ಒಂದು ಪಾಠ ಹೇಳಿದರು. ನೀನು ಹಾಡುವಾಗ ನಾನು ಸುಮ್ಮನಿರುತ್ತೇನೆ, ನೀನು ಉಸಿರು ತೆಗೆದುಕೊಂಡಾಗ ಮಾತಾಡುತ್ತೇನೆ, ಆದ್ದರಿಂದ ನೀನು ಸಾಲಿನ ಕೊನೆಯನ್ನು ಎಳೆಯಬೇಡ. ನಮ್ಮ ಕಚೇರಿಯಲ್ಲಿ ಪಿಟೀಲು ಗಾಯಕರ ನೆರಳಿನ ಹಾಗೆ ಜೊತೆಗೇ ಬರುತ್ತೆ. ಇಲ್ಲಿ ಸರದಿ. ಮೊದಲ ಚರಣದ ಖಾಲಿ ಜಾಗ ಸ್ಟೀಲ್‌ಗೆ, ಎರಡನೆಯದು ಪಿಟೀಲಿಗೆ ಅಂತ ಮೊದಲೇ ಹಂಚಿಕೊಳ್ಳುತ್ತಾರೆ. ಪಿಟೀಲನ್ನು ನಾವು ಇನ್ನೊಂದು ದಿನ ಬೇರೆಯಾಗಿ ಸೇರಿಸಿದೆವು. ಅದಕ್ಕೆ ಅಂತ ಬಿಟ್ಟ ಜಾಗ ಅಲ್ಲಿಯವರೆಗೂ ಖಾಲಿಯೇ ಇತ್ತು. ಆ ಖಾಲಿಯನ್ನು ತುಂಬಿಬಿಡಬೇಕು ಅನ್ನೋ ಆಸೆ ತಡೆದುಕೊಳ್ಳೋದೇ ನಾನು ಕಲಿತ ದೊಡ್ಡ ಕೆಲಸ.

ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಹತ್ತು ದಿನದಲ್ಲಿ ಮುಗಿಯಿತು. ಎಲ್‌ಪಿ, ಅಂದರೆ ಗ್ರಾಮಫೋನ್ ತಟ್ಟೆ, ಒತ್ತಿಸುವುದು ಮಾತ್ರ ಬೇರೆಯೇ ವಿದ್ಯೆ. ಹತ್ತು ಹಾಡುಗಳನ್ನು ಮನಸ್ಸಿಗೆ ಬಂದ ಕ್ರಮದಲ್ಲಿ ಜೋಡಿಸಿದ್ದೆ. ಮೊದಲ ಬದಿ 24 ನಿಮಿಷ. ಒತ್ತುವ ಮೊದಲು ಸದ್ದಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಮಾಡುವವರು ನೋಡಿ, ಇಷ್ಟು ಉದ್ದವಾದರೆ ಗೆರೆಗಳು ಒತ್ತೊತ್ತಾಗಿ ಬರುತ್ತವೆ, ಸದ್ದು ತಗ್ಗಿಸಬೇಕಾಗುತ್ತೆ ಎಂದರು. 20 ನಿಮಿಷದ ಆಸುಪಾಸು ಇದ್ದರೆ ಒಳ್ಳೆಯದು. ಇನ್ನೊಂದು ಸಂಗತಿ ನನಗೆ ತಿಳಿದೇ ಇರಲಿಲ್ಲ. ತಟ್ಟೆ ಒಂದು ಸುತ್ತು ಬರೋದಕ್ಕೆ ಎಲ್ಲಿದ್ದರೂ 1.8 ಸೆಕೆಂಡ್. ಅಂಚಿನಲ್ಲಿ ಆ ಸುತ್ತು ಉದ್ದ, ನಡುವಿಗೆ ಬಂದಂತೆ ಗಿಡ್ಡ. ಅದೇ ಹೊತ್ತಿನ ನಾದ ಕಮ್ಮಿ ಜಾಗದಲ್ಲಿ ಇರುಕಬೇಕು. ಹಾಗಾಗಿ ಕೊನೆಯ ಹಾಡಿನಲ್ಲಿ ಸ, ಶ ಅಕ್ಷರಗಳು ಉಜ್ಜಿದಂತೆ ಕೇಳಿಸುತ್ತವೆ. ಜೋರು ಹಾಡು ಅಂಚಿಗೆ, ಮೆಲು ಹಾಡು ನಡುವಿಗೆ ಅಂತ ಇಡೀ ಕ್ರಮ ಮತ್ತೆ ಬರೆದೆ. ಬಸ್ಸಿನ ಹಾಡು ಮೊದಲ ಬದಿಯ ಕೊನೆಗೆ ಹೋಯಿತು. ಅದಕ್ಕೆ ಅದೇ ಒಳ್ಳೆಯ ಜಾಗ ಅಂತ ಆಮೇಲೆ ಅನ್ನಿಸಿತು.

ಮಾದರಿಗೆಂದು ಐದು ತಟ್ಟೆ ಬಂದವು. ಐದನ್ನೂ ಪೂರ್ತಿ ಕೇಳಿದೆ. ಎರಡನೇ ಬದಿಯ ಮೂರನೇ ಹಾಡಿನಲ್ಲಿ ಚಿಟ್ ಚಿಟ್ ಸದ್ದು, ಐದರಲ್ಲೂ ಅದೇ ಜಾಗದಲ್ಲಿ. ಒಂದರಲ್ಲಿ ಮಾತ್ರ ಇದ್ದರೆ ಆ ತಟ್ಟೆಯ ದೋಷ. ಎಲ್ಲದರಲ್ಲೂ ಒಂದೇ ಕಡೆ ಇದ್ದರೆ ಒತ್ತುವ ಅಚ್ಚಿನದ್ದೇ ದೋಷ. ಅಚ್ಚು ಮತ್ತೆ ಮಾಡಿಸಿ ಬರುವಷ್ಟರಲ್ಲಿ ಏಳು ವಾರ ಕಳೆಯಿತು. ದಯವಿಟ್ಟು ಮಾದರಿ ತಟ್ಟೆಗಳನ್ನು ಪೂರ್ತಿ ಕೇಳಿ. ನಾನು ಅವಸರ ಮಾಡಿದ್ದರೆ 300 ತಟ್ಟೆಯಲ್ಲೂ ಆ ಸದ್ದು ಇರುತ್ತಿತ್ತು.

ಬಿಡುಗಡೆ ಕಾಗದಪತ್ರದಲ್ಲಿ ಒಂದು ಮಾತು ನೆನಪಿಡಿ. ಹಾಡು ಬೇರೆ, ಹಾಡಿನ ರೆಕಾರ್ಡಿಂಗ್ ಬೇರೆ. ಎರಡಕ್ಕೂ ಬೇರೆ ಬೇರೆ ಹಕ್ಕು, ಬೇರೆ ದಾರಿಯಲ್ಲಿ ದುಡ್ಡು. ಅಮೆರಿಕದಲ್ಲಿ ಸಾಮಾನ್ಯ ರೇಡಿಯೋ ಹಾಡು ಬರೆದವರಿಗೆ ಕೊಡುತ್ತೆ, ಹಾಡಿದವರಿಗೆ ಕೊಡಲ್ಲ. ಉಪಗ್ರಹ ರೇಡಿಯೋ, ಇಂಟರ್‌ನೆಟ್ ರೇಡಿಯೋ ಹಾಡಿದವರಿಗೂ ಕೊಡುತ್ತವೆ. ಅದು ಸೌಂಡ್ ಎಕ್ಸ್‌ಚೇಂಜ್ ಅನ್ನೋ ಸಂಸ್ಥೆಯ ಮೂಲಕ ಬರುತ್ತೆ. ಸ್ಟ್ರೀಮಿಂಗ್‌ನಲ್ಲಿ ಬರೆದವರಿಗೆ ಸಿಗುವ ಮೆಕ್ಯಾನಿಕಲ್ ಪಾಲನ್ನು, ಅಂದರೆ ಹಾಡಿನ ಪ್ರತಿ ಮಾಡಿದ್ದಕ್ಕೆ ಕೊಡುವ ದುಡ್ಡನ್ನು, 2021ರಿಂದ ಎಂಎಲ್‌ಸಿ (ಮೆಕ್ಯಾನಿಕಲ್ ಲೈಸೆನ್ಸಿಂಗ್ ಕಲೆಕ್ಟಿವ್) ಅನ್ನೋ ಸಂಸ್ಥೆ ಸಂಗ್ರಹಿಸುತ್ತೆ. ಆಲ್ಬಂನಲ್ಲಿ ಬೇರೆಯವರ ಹಳೇ ಹಾಡು ಒಂದಿತ್ತು. ಅದಕ್ಕೆ 2024ರ ಕಾನೂನು ದರ ತಟ್ಟೆಗೆ 12.4 ಸೆಂಟ್. 300 ತಟ್ಟೆಗೆ 37 ಡಾಲರ್ 20 ಸೆಂಟ್. ಸಣ್ಣ ಮೊತ್ತ. ಆದರೆ ಅದನ್ನು ಕಟ್ಟಿದಾಗ ಆ ಹಾಡು ಬರೆದವರಿಗೆ ಕೈಮುಗಿದ ಹಾಗೆ ಅನ್ನಿಸಿತು.

ನನ್ನ ತಪ್ಪು ಹೆಸರಿನಲ್ಲಾಯಿತು. ನಮ್ಮ ಕಡೆ ಇನಿಷಿಯಲ್ ಮುಂದೆ, ಹೆಸರು ಹಿಂದೆ. ಇಲ್ಲಿನ ಫಾರಂಗಳಲ್ಲಿ ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಖಾನೆ. ಒಂದು ಕಡೆ ಅಪ್ಪನ ಹೆಸರು ಪೂರ್ತಿ ಬರೆದೆ, ಇನ್ನೊಂದು ಕಡೆ ಒಂದೇ ಅಕ್ಷರ. ಹಾಗಾಗಿ ಸ್ಟ್ರೀಮಿಂಗ್‌ನಲ್ಲಿ ಮೊದಲು ಬಿಟ್ಟ ಎರಡು ಹಾಡು ಒಂದು ಪುಟಕ್ಕೆ ಹೋದವು, ಆಲ್ಬಂ ಇನ್ನೊಂದಕ್ಕೆ. ಒಬ್ಬಳೇ ಗಾಯಕಿ ಇಬ್ಬರಾದಳು. ಸರಿಪಡಿಸಲು ಐದು ವಾರ ಪತ್ರ ಬರೆದೆ. ನೀವು ಆಲ್ಬಂ ಮಾಡುವುದಾದರೆ ಹೆಸರಿನ ಸ್ಪೆಲಿಂಗ್ ಒಂದನ್ನೇ ಗೋಡೆಗೆ ಅಂಟಿಸಿಕೊಂಡು ಎಲ್ಲ ಕಡೆ ಅದನ್ನೇ ಬರೆಯಿರಿ.

2024ರ ಸೆಪ್ಟೆಂಬರ್ 20, ಶುಕ್ರವಾರ. ಈಗ ಜಗತ್ತಿನಲ್ಲೆಲ್ಲ ಹೊಸ ಹಾಡು ಹೊರಬರುವ ದಿನ ಶುಕ್ರವಾರವೇ. ಆಲ್ಬಂ ಫೋನಿಗೆ ಬಂತು, ತಟ್ಟೆಗಳು ಇನ್ನೂ ದಾರಿಯಲ್ಲಿದ್ದವು. ಆ ದಿನಗಳಲ್ಲಿ ನಮ್ಮೂರು ಇಲ್ಲಿಗಿಂತ ಹತ್ತೂವರೆ ಗಂಟೆ ಮುಂದೆ. ರಾತ್ರಿ ಕೂತಿದ್ದೆ, ಅಮ್ಮನ ಫೋನ್ ಬಂತು. ಅಲ್ಲಿ ಬೆಳಿಗ್ಗೆ, ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಎಲ್ಲಾ ಕೇಳ್ದೆ ಕಣೇ. ಇಂಗ್ಲಿಷು ನಂಗೆ ಎಲ್ಲಿ ಅರ್ಥ ಆಗ್ಬೇಕು? ಬಸ್ಸು ಎಲ್ಲಿ ಬರತ್ತೆ ಹೇಳು."

"ಐದನೇ ಹಾಡು ಅಮ್ಮಾ. ಪಿಟೀಲು ಶುರುವಾಗುತ್ತಲ್ಲ, ಅಲ್ಲಿಂದ."

"ಇರು, ಹಾಕ್ತೀನಿ," ಎಂದರು. ಫೋನ್ ಇಡಲಿಲ್ಲ.