ಲಂಟಾನ ಕೀಳುವುದು ಒಂದು ದಿನದ ಕೆಲಸವಲ್ಲ: ಮಕ್ಕಳ ಜೊತೆ ಹೀಗೆ ಶುರು ಮಾಡಿ

ಒಂದು ಭಾನುವಾರ ಮೂವತ್ತು ಜನ ಸೇರಿ ಲಂಟಾನ ಕಡಿದಿದ್ದೆವು. ಹೊರದೇಶದಿಂದ ಬಂದು ಇಲ್ಲಿ ಕಳೆಯಾಗಿ ಹಬ್ಬಿರುವ ಹೂಪೊದೆ ಇದು. ಸಂಜೆ ಹೊತ್ತಿಗೆ ಜಾಗ ಬಯಲಾಗಿತ್ತು. ಎರಡು ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ, ಕಡಿದ ಒಂದೊಂದು ಬೊಡ್ಡೆಯಿಂದಲೂ ಹಿಡಿ ಹಿಡಿ ಚಿಗುರು ಎದ್ದಿತ್ತು. ಪೊದೆ ಮೊದಲಿಗಿಂತ ಒತ್ತಾಗಿತ್ತು. ನೆಲದ ಮೇಲ್ಮಟ್ಟಕ್ಕೆ ಕಡಿದದ್ದು ನಮ್ಮ ಮೊದಲ ತಪ್ಪು. ಅಷ್ಟು ದಿನ ಯಾರೂ ಅತ್ತ ತಲೆ ಹಾಕದೇ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು.

ಮೊದಲನೆಯದನ್ನು ಸರಿಮಾಡಲು ಒಳ್ಳೆಯ ವಿಧಾನ ಇದೆ. ಎರಡನೆಯದಕ್ಕೆ ಮಕ್ಕಳು ಬೇಕು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಜಾಗ ಚಿಕ್ಕದಿರಲಿ

ಜಾಗ ಯಾರದೋ ಅವರ ಅನುಮತಿ ಮೊದಲು ಪಡೆಯಿರಿ. ಕಾಡಿನ ಅಂಚಾದರೆ ಅರಣ್ಯ ಇಲಾಖೆಯನ್ನು ಕೇಳದೆ ಒಂದು ಕಡ್ಡಿಯನ್ನೂ ಮುಟ್ಟಬೇಡಿ.

ಆಮೇಲೆ ಎಲ್ಲಿಂದ ಶುರು ಮಾಡುವುದು? ಕಳೆ ಎಲ್ಲಿ ಜಾಸ್ತಿ ಇದೆಯೋ ಅಲ್ಲಿಗೇ ಕೈ ಹಾಕಬೇಕು ಅನ್ನಿಸುತ್ತದೆ, ಅಲ್ವಾ? ಹಾಗೆ ಮಾಡಬೇಡಿ. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರು ಮನೆ ಹತ್ತಿರದ ಕುರುಚಲು ಕಾಡಿನಲ್ಲಿ ಓಡಾಡುತ್ತಾ ಕೈಯಿಂದಲೇ ಕಳೆ ಕೀಳುತ್ತಿದ್ದರು. ಅವರು ಕಂಡುಕೊಂಡ ದಾರಿ ತುಂಬ ಸರಳ. ಊರಿನದೇ ಗಿಡಗಳು ಚೆನ್ನಾಗಿರುವ ಕಡೆಯಿಂದ ಶುರು ಮಾಡಿ, ಕಳೆ ತುಂಬಿದ ಕಡೆಗೆ ನಿಧಾನವಾಗಿ ಸಾಗುವುದು. ಮಣ್ಣನ್ನು ಆದಷ್ಟು ಕೆದಕದಿರುವುದು. ತೆರವಾದ ಜಾಗದಲ್ಲಿ ಹಳೆಯ ಗಿಡಗಳು ಎಷ್ಟು ಬೇಗ ಮರಳುತ್ತವೋ ಅಷ್ಟೇ ವೇಗದಲ್ಲಿ ಮುಂದೆ ಹೋಗುವುದು. ಒಮ್ಮೆಲೇ ದೊಡ್ಡ ಜಾಗ ಬಯಲು ಮಾಡಿದರೆ, ಆ ಬಿಸಿಲು ಬೀಳುವ ಬರಿ ನೆಲಕ್ಕೆ ಮೊದಲು ಬರುವುದು ಮತ್ತೆ ಕಳೆಯೇ.

ಇಪ್ಪತ್ತು ಜನರ ಗುಂಪಿಗೆ ಒಂದು ತರಗತಿ ಕೋಣೆಯಷ್ಟು ಜಾಗ ಸಾಕು. ಅದನ್ನು ಬಿಡದೆ ನೋಡಿಕೊಳ್ಳುವುದೇ ಸಾಕಷ್ಟು ಕೆಲಸ.

ಕೀಳುವ ಮೊದಲು ಒಂದು ದಿನ ಸುಮ್ನೆ ನೋಡಿ

ಈ ದಿನವನ್ನು ಮಕ್ಕಳಿಗೇ ಬಿಟ್ಟುಕೊಡಿ. ಕೈಯಲ್ಲಿ ಒಂದು ನೋಟ್‌ಬುಕ್, ಪೆನ್ಸಿಲ್, ನಾಲ್ಕು ಗೂಟ, ದಾರ ಇದ್ದರೆ ಆಯಿತು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲಕ್ಕೆ ದಾರ ಕಟ್ಟಿ, ಆ ಚೌಕದ ಒಳಗಿನ ಗಿಡಗಳನ್ನು ಎಣಿಸಿ ಬರೆಯಲಿ. ಗೂಟಗಳನ್ನು ಅಲ್ಲೇ ಬಿಡಿ. ಮುಂದಿನ ಪ್ರತಿ ಭೇಟಿಯಲ್ಲೂ ಅದೇ ಚೌಕ ಎಣಿಸಬೇಕು.

ಲಂಟಾನವನ್ನು ಗುರುತಿಸುವುದು ಮಕ್ಕಳು ಕಣ್ಣು, ಮೂಗು, ಬೆರಳು ಮೂರರಿಂದಲೂ ಕಲಿಯಬಹುದು. ಎಲೆಗಳು ಎದುರುಬದುರಾಗಿ ಜೋಡಿ ಜೋಡಿ ಇರುತ್ತವೆ. ಅಂಚು ಗರಗಸದ ಹಾಗೆ, ಮೇಲ್ಮೈ ಬೆಕ್ಕಿನ ನಾಲಿಗೆಯ ಹಾಗೆ ಒರಟು. ಎಳೆ ಕಾಂಡವನ್ನು ಎರಡು ಬೆರಳ ನಡುವೆ ಮೆಲ್ಲಗೆ ಉರುಳಿಸಿದರೆ ನಾಲ್ಕು ಮೂಲೆ ಸಿಗುತ್ತದೆ. ಮುಳ್ಳಿರಬಹುದು, ಜೋಪಾನ. ಎಲೆ ಹಿಸುಕಿದರೆ ಬರುವ ಘಾಟು ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಹಿಸುಕಿದ ಮೇಲೆ ಕೈ ತೊಳೆಯಲೇಬೇಕು. ಕಾಯಿ ಬಾಯಿಗೆ ಹಾಕಿಕೊಳ್ಳಬಾರದು. ಈ ಗಿಡ ತಿಂದ ದನಕುರಿಗಳ ಪಿತ್ತಜನಕಾಂಗವೇ ಕೆಡುತ್ತದೆ. ಹತ್ತಿರದಲ್ಲಿ ಕಾಂಗ್ರೆಸ್ ಕಳೆ, ಅಂದರೆ ಪಾರ್ಥೇನಿಯಂ ಕಂಡರೆ ಮಕ್ಕಳನ್ನು ದೂರ ಇಡಿ. ಅದು ಚರ್ಮಕ್ಕೂ ಉಸಿರಿಗೂ ಅಲರ್ಜಿ ತರುತ್ತದೆ.

ಪೊದೆಯೊಳಗೆ ಹಕ್ಕಿಗೂಡು ಇದೆಯಾ ಅಂತಲೂ ನೋಡಿ. ಇದ್ದರೆ ಆ ಪೊದೆಯನ್ನು ಮರಿ ಹಾರುವ ತನಕ ಬಿಟ್ಟುಬಿಡಿ.

ಕೀಳುವ ದಿನ

ಹೂ ಕಾಯಾಗುವ ಮೊದಲು, ಮಣ್ಣು ಹಸಿ ಇರುವಾಗ ಮಾಡಿದರೆ ಅರ್ಧ ಶ್ರಮ ಉಳಿಯುತ್ತದೆ. ತುಂಬು ತೋಳಿನ ಅಂಗಿ, ದಪ್ಪ ಕೈಗವಸು, ಬೂಟು ಎಲ್ಲರಿಗೂ ಬೇಕು. ಮೊದಲು ಉದ್ದ ಕೋಲಿನಿಂದ ಪೊದೆಯನ್ನು ತಟ್ಟಿ ಸ್ವಲ್ಪ ಹೊತ್ತು ಕಾಯಿರಿ. ಹಾವು ಇದ್ದರೆ ಹೋಗಲು ಸಮಯ ಸಿಗಲಿ. ಮಚ್ಚು, ಪಿಕಾಸಿ ದೊಡ್ಡವರ ಕೈಯಲ್ಲಿ ಮಾತ್ರ.

ಈಗ ಮುಖ್ಯವಾದ ಮಾತು. ಕಾಂಡವೂ ಬೇರೂ ಸೇರುವ ಜಾಗದಲ್ಲಿ ಚಿಗುರುವ ಮೊಗ್ಗುಗಳಿರುತ್ತವೆ. ಅದಕ್ಕಿಂತ ಮೇಲೆ ಎಲ್ಲಿ ಕಡಿದರೂ ಗಿಡ ಮತ್ತೆ ಚಿಗುರುತ್ತದೆ. ಕೆಳಗೆ ಕಡಿದರೆ ಸಾಯುತ್ತದೆ. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನೇ ಹಿಡಿದು ಒಂದು ವಿಧಾನ ರೂಪಿಸಿದರು, ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಬಳಸಿಯೂ ತೋರಿಸಿದರು. ಬುಡದ ಸುತ್ತ ಸ್ವಲ್ಪವೇ ಮಣ್ಣು ಸರಿಸಿ, ನೆಲದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ, ಅಂದರೆ ಎರಡು-ಮೂರು ಬೆರಳಿನಷ್ಟು ಆಳದಲ್ಲಿ, ತಾಯಿಬೇರನ್ನು ಪಿಕಾಸಿಯಿಂದ ಒಂದೇಟಿಗೆ ಕತ್ತರಿಸಿ. ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಿ. ಬುಡ ಮೇಲಕ್ಕಿದ್ದರೆ ಬೇರಿಗೆ ಮಣ್ಣು ಸಿಗದೆ ಒಣಗುತ್ತದೆ. ಹಸಿ ಕಾಂಡಗಳನ್ನು ಒದ್ದೆ ನೆಲದ ಮೇಲೆ ಎಳೆದಾಡಿ ಬಿಸಾಡಬೇಡಿ, ಗೆಣ್ಣಿನಿಂದ ಬೇರು ಬಿಡುತ್ತವೆ. ಕಾಯಿ ಇದ್ದರೆ ಮೊದಲೇ ಬಿಡಿಸಿ ಚೀಲಕ್ಕೆ ತುಂಬಿ. ಗೊಬ್ಬರದ ಗುಂಡಿಗೆ ಹಾಕಬೇಡಿ.

ಕೆದಕಿದ ಮಣ್ಣನ್ನು ಮತ್ತೆ ಮುಚ್ಚಿ, ಮೆಲ್ಲಗೆ ಒತ್ತಿ. ಈ ಕೆಲಸ ಮಕ್ಕಳು ಬಹಳ ಚೆಂದ ಮಾಡುತ್ತಾರೆ.

"ಅಕ್ಕಾ, ಚಿಟ್ಟೆಗೆ ಈ ಹೂವು ಇಷ್ಟ ಅಲ್ವಾ?"

ಈ ಪ್ರಶ್ನೆ ಬಂದೇ ಬರುತ್ತದೆ. ನನ್ನನ್ನು ಕೇಳಿದ ಹುಡುಗಿಯ ಕೈಯಲ್ಲಿ ಒಂದು ಹೂಗೊಂಚಲಿತ್ತು, ನಡುವೆ ಹಳದಿ, ಅಂಚಿಗೆ ಗುಲಾಬಿ. ಸುಳ್ಳು ಹೇಳಿ ಜಾರಿಕೊಳ್ಳಬೇಡಿ. ಹೌದು, ಚಿಟ್ಟೆಗಳು ಲಂಟಾನದ ಮಕರಂದ ಹೀರುತ್ತವೆ. ಆದರೆ ಮರಿಹುಳುಗಳಿಗೆ ಬೇಕಾದದ್ದು ಎಲೆ. ಇಲ್ಲಿನ ಬಹುಪಾಲು ಚಿಟ್ಟೆಗಳ ಮರಿಹುಳುಗಳು ಈ ಎಲೆ ತಿನ್ನುವುದಿಲ್ಲ. ಅವು ತಿನ್ನುವ ಗಿಡಗಳು ಇದೇ ಪೊದೆಯ ನೆರಳಲ್ಲಿ ಬೆಳೆಯಲಾರದೆ ಸೊರಗುತ್ತವೆ. ಅದಕ್ಕೇ ಎಲ್ಲವನ್ನೂ ಒಂದೇ ದಿನ ಕೀಳುವುದಿಲ್ಲ, ಬೇರೆ ಹೂಗಿಡಗಳು ಬರುತ್ತಾ ಬಂದ ಹಾಗೆ ಇದನ್ನು ತೆಗೆಯುತ್ತೇವೆ ಎಂದು ಹೇಳಿ.

"ಕೆಟ್ಟ ಗಿಡ" ಎಂಬ ಮಾತನ್ನು ದಯವಿಟ್ಟು ಬಳಸಬೇಡಿ. ಮಧ್ಯ ಮತ್ತು ದಕ್ಷಿಣ ಅಮೆರಿಕ ಇದರ ತವರು. ಅಲ್ಲಿ ಇದನ್ನು ತಿನ್ನುವ ಕೀಟಗಳಿವೆ, ಹಾಗಾಗಿ ಇದು ಹತ್ತರಲ್ಲಿ ಒಂದು ಗಿಡ. ಹೂ ಚೆಂದ ಎಂದು ತೋಟಕ್ಕೆ ತಂದವರು ಮನುಷ್ಯರು. 19ನೇ ಶತಮಾನದ ಶುರುವಿನಲ್ಲಿ ಅದು ಭಾರತಕ್ಕೂ ಬಂತು. ಗಿಡದ ಮೇಲೆ ಸಿಟ್ಟು ಕಲಿಸುವುದಕ್ಕಿಂತ, ಒಂದು ಗಿಡ ಜಾಗ ಬದಲಿಸಿದರೆ ಏನೆಲ್ಲ ಬದಲಾಗುತ್ತದೆ ಎಂದು ತೋರಿಸುವುದು ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ.

ಮತ್ತೆ ಹೋಗಿ, ಮತ್ತೆ ಮತ್ತೆ ಹೋಗಿ

ಮನೆಗೆ ಹೊರಡುವ ಮೊದಲೇ ಮುಂದಿನ ಭೇಟಿಯ ದಿನ ಗೊತ್ತು ಮಾಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಹೋಗಬೇಕು, ಆಮೇಲೆ ಅಂತರ ಹೆಚ್ಚಿಸಬಹುದು. ಕನಿಷ್ಠ ಮೂರು ವರ್ಷ ಎಂದುಕೊಳ್ಳಿ.

ಮಕ್ಕಳ ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಹಕ್ಕಿಗಳು ಲಂಟಾನದ ಹಣ್ಣು ತಿಂದು ಮರದ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಹಾಗಾಗಿ ಹೊಸ ಸಸಿಗಳು ಮರದ ಕೆಳಗೇ ಗುಂಪಾಗಿ ಏಳುತ್ತವೆ. ಬೆರಳುದ್ದದ ಸಸಿಯನ್ನು ಹುಲ್ಲಿನ ನಡುವೆ ಹುಡುಕಲು ದೊಡ್ಡವರ ಸೊಂಟ ಬಗ್ಗುವುದಿಲ್ಲ. ಎಂಟು ವರ್ಷದ ಮಗು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಬೇರುಸಮೇತ ಎಳೆಯುತ್ತದೆ. ಇದಕ್ಕೆ ಕೈಗವಸು ಬಿಟ್ಟರೆ ಬೇರೇನೂ ಬೇಡ. ಬರಿದಾದ ಜಾಗಕ್ಕೆ ಪಕ್ಕದಲ್ಲೇ ಬೆಳೆದ ಹುಲ್ಲಿನ ಬೀಜ ಉದುರಿಸಿ. ಹುಲ್ಲು ನೆಲ ಹಿಡಿದರೆ ಕಳೆಗೆ ಜಾಗ ಸಿಗುವುದಿಲ್ಲ. ಹೊರಗಿನಿಂದ ಸಸಿ ತಂದು ನೆಡುವ ಆತುರ ಬೇಡ, ಒಂದು ಮಳೆಗಾಲ ಕಾದು ನೋಡಿ.

ನಮ್ಮ ಗುಂಪಿನ ಒಂದು ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ಮೊದಲ ಪುಟದಲ್ಲಿ ದಾರದ ಚೌಕದ ಲೆಕ್ಕ: ಲಂಟಾನ ಸಸಿ 61, ಹುಲ್ಲು 2 ಬುಡ. ಮೂರನೆಯ ಮಳೆಗಾಲದ ಪುಟದಲ್ಲಿ, ಇನ್ನೊಂದು ಕೈಬರಹದಲ್ಲಿ: ಲಂಟಾನ 4. ಹುಲ್ಲು ಎಣಿಸೋಕೆ ಆಗಲಿಲ್ಲ.