ಸೋಫಾ ಗೋಡೆ ಬಿಟ್ಟ ಮೇಲೆ

ಮನೆ ಕಟ್ಟಿಸುವಾಗ ಎಲ್ಲರೂ ಹೇಳಿದ್ದು ಒಂದೇ ಮಾತು. ‘ನಡುವೆ ಗೋಡೆ ಬೇಡ ಸರ್, ಓಪನ್ ಬಿಡ್ರಿ, ದೊಡ್ಡದು ಕಾಣ್ತದ.’ ನಾವೂ ಬಿಟ್ಟೆವು. ರಾಯಚೂರಿನ ಲಿಂಗಸುಗೂರು ರಸ್ತೆ ಕಡೆ ನಮ್ಮದು 30-40 ಸೈಟು. ಬಾಗಿಲು ತೆಗೆದರೆ ಹಾಲ್, ಅದರ ಹಿಂದೆ ಊಟದ ಜಾಗ, ಅದರಾಚೆ ಅಡುಗೆಕಟ್ಟೆ. ನಡುವೆ ಏನೂ ಇಲ್ಲ. ಅಗಲ 13 ಅಡಿ, ಅಡುಗೆಕಟ್ಟೆವರೆಗೆ ಉದ್ದ 24 ಅಡಿ. ಗೃಹಪ್ರವೇಶದ ದಿನ ಬಂದವರೆಲ್ಲ ‘ಎಷ್ಟು ದೊಡ್ಡ ಹಾಲ್!’ ಅಂದರು. ಸಾಮಾನು ಬಂದು ಇಳಿದ ಮೇಲೆ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ.

ತಪ್ಪು ಮಾಡಿದವನು ನಾನೇ. ಮೂರು ಜನರ ಸೋಫಾ ಒಂದು, ಒಬ್ಬೊಬ್ಬರು ಕೂಡುವ ಕುರ್ಚಿ ಎರಡು, ಗಾಜಿನ ಸೆಂಟರ್ ಟೇಬಲ್, ಟಿವಿ ಸ್ಟ್ಯಾಂಡ್, ಊಟದ ಟೇಬಲ್. ಎಲ್ಲವನ್ನೂ ಗೋಡೆಗೆ ಹಚ್ಚಿ ನಿಲ್ಲಿಸಿದ್ದೆ. ನಡುವೆ ಜಾಗ ಉಳಿದರೆ ವಿಶಾಲ ಕಾಣುತ್ತದೆ ಅಂತ ಲೆಕ್ಕ. ಸೋಫಾ ಉತ್ತರದ ಗೋಡೆಗೆ, ಎರಡು ಮಲಗುವ ಕೋಣೆಗಳ ಬಾಗಿಲ ನಡುವೆ. ಅದರ ಎದುರಿಗೆ ದಕ್ಷಿಣದ ಗೋಡೆಗೆ ಟಿವಿ. ಮುಂಬಾಗಿಲು ಈಶಾನ್ಯ ಮೂಲೆಯಲ್ಲಿದೆ, ಅಡುಗೆಮನೆ ಪಶ್ಚಿಮಕ್ಕೆ. ಅಂದರೆ ಹೊರಗಿಂದ ಬಂದವರು, ನೀರು ಕುಡಿಯಲು ಹೋಗುವವರು, ಸಿಲಿಂಡರ್ ತರುವ ಹುಡುಗ, ಎಲ್ಲರೂ ಸೋಫಾ ಮತ್ತು ಟಿವಿ ನಡುವೆಯೇ ದಾಟಬೇಕು. ಕ್ರಿಕೆಟ್ ಇದ್ದ ದಿನ ಮಗ ‘ಸರೀರಿ, ಸರೀರಿ’ ಅಂತ ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದ. ಮಾತಾಡಲು ಕೂತರೂ ಕಷ್ಟವೇ. ಎದುರಿನ ಕುರ್ಚಿ ಅಷ್ಟು ದೂರ, ದನಿ ಎತ್ತಿಯೇ ಮಾತಾಡಬೇಕು.

ಅವ್ವ ಒಂದು ದಿನ ಕೇಳಿಯೇಬಿಟ್ಟಳು. ‘ತಮ್ಮಾ, ಇದು ಮನೀನೋ ಬಸ್ ಸ್ಟ್ಯಾಂಡೋ? ಎಲ್ಲಾರೂ ಗ್ವಾಡಿಗೆ ಆನ್ಕೊಂಡು ಕುಂತೀರಿ.’

ಅಷ್ಟಾದರೂ ಎರಡು ವರ್ಷ ಹಾಗೇ ಕಳೆದೆವು. ಕೈ ಹಚ್ಚಿದ್ದು 2023ರ ಏಪ್ರಿಲ್‌ನಲ್ಲಿ, ಶಾಲೆಗೆ ರಜೆ ಬಿಟ್ಟ ಮೇಲೆ. ನಾನು ಗಣಿತದ ಮೇಷ್ಟ್ರು. ಟೇಪು ಹಿಡಿದು ಅಳೆಯೋದು, ಹಾಳೆ ಮೇಲೆ ಚೌಕ ಬರೆಯೋದು ನನಗೆ ಖುಷಿಯ ಕೆಲಸ. ಆದರೆ ಹಾಳೆ ಮೇಲೆ ಎಲ್ಲವೂ ಚೆನ್ನಾಗಿ ಕೂಡುತ್ತದೆ, ನೆಲದ ಮೇಲೆ ಕೂಡುವುದಿಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೇ ಗೆರೆ ಎಳೆಯೋಣ ಅಂದುಕೊಂಡೆ. ನುಣುಪು ಟೈಲ್ಸ್ ಮೇಲೆ ಅದು ಹಿಡಿಯಲೇ ಇಲ್ಲ. ಆಮೇಲೆ ಹೆಂಡತಿ ಹೇಳಿದಳು, ‘ರೀ, ಹಳೇ ಪೇಪರ್ ಹಾಸ್ರಿ.’ ಸರಿ ಅಂತ ಪೇಪರ್‌ಗಳನ್ನು ಟೇಪ್ ಹಚ್ಚಿ ಜೋಡಿಸಿದೆವು. ಸೋಫಾಕ್ಕೆ 7 ಅಡಿ ಉದ್ದ, 3 ಅಡಿ ಅಗಲದ ಒಂದು ತುಂಡು. ಊಟದ ಟೇಬಲ್‌ಗೆ 5 ಅಡಿ, 3 ಅಡಿ. ಸಾಮಾನನ್ನೆಲ್ಲ ಒಂದು ಕೋಣೆಗೆ ತುಂಬಿ, ಖಾಲಿ ಹಾಲ್‌ನಲ್ಲಿ ಪೇಪರ್ ಹಾಸಿ, ಫ್ಯಾನ್ ಗಾಳಿಗೆ ಹಾರದ ಹಾಗೆ ಮೂಲೆಗೊಂದು ಹಳೆಯ ನೋಟ್‌ಬುಕ್ ಕಟ್ಟು ಇಟ್ಟೆವು. ಎರಡು ದಿನ ಅದರ ನಡುವೆಯೇ ಓಡಾಡಿದೆವು. ಪೇಪರ್ ತುಳಿಯಬಾರದು ಅನ್ನೋದು ಒಂದೇ ನಿಯಮ.

ಈ ಎರಡು ದಿನ ಕಲಿಸಿದಷ್ಟು ಯಾವ ಲೆಕ್ಕವೂ ಕಲಿಸಲಿಲ್ಲ. ಎಲ್ಲಿ ಪೇಪರ್ ಹರಿದಿತ್ತೋ ಅಲ್ಲೆಲ್ಲ ನಾವು ದಾರಿ ಮುಚ್ಚಿದ್ದೆವು ಅಂತ ಅರ್ಥ. ಅವ್ವ ರಾತ್ರಿ ಎರಡು ಸಲ ಏಳುತ್ತಾಳೆ. ದೀಪ ಹಚ್ಚುವುದಿಲ್ಲ, ‘ನಿಮ್ಮ ನಿದ್ದಿ ಕೆಡ್ತದ’ ಅಂತ. ಮೊದಲು ಟಿವಿ ಸ್ಟ್ಯಾಂಡಿನ ಚೂಪು ಮೂಲೆ ಬಡಿದು ಅವಳ ಮೊಣಕಾಲ ಕೆಳಗೆ ಕಪ್ಪಗೆ ಕಲೆ ಬಿದ್ದಿತ್ತು. ಹೇಳಿಕೊಂಡಿರಲಿಲ್ಲ. ಮೊದಲ ದಿನ ಬೆಳಿಗ್ಗೆ ನೋಡಿದರೆ ಅವಳ ಕೋಣೆಯ ಬಾಗಿಲ ಹತ್ತಿರದ ಪೇಪರ್ ಸುಕ್ಕಾಗಿ ಬಿದ್ದಿತ್ತು. ಹಾಗಾಗಿ ಮೊದಲು ಇಟ್ಟಿದ್ದು ಸಾಮಾನನ್ನಲ್ಲ, ದಾರಿಯನ್ನು. ಮುಂಬಾಗಿಲಿನಿಂದ ಅಡುಗೆಕಟ್ಟೆವರೆಗೆ, ಉತ್ತರದ ಗೋಡೆಗುಂಟ, ಎರಡೂ ಕೋಣೆಗಳ ಬಾಗಿಲು ದಾಟಿ ನೇರ ಒಂದು ಓಣಿ. ಓಡಾಡುವ ದಾರಿ ಕಡಿಮೆ ಅಂದರೂ 3 ಅಡಿ ಇರಬೇಕು. ನಮ್ಮದು ಐದೂವರೆ ಅಡಿ ಬಂತು. ಅದರಲ್ಲಿ ಒಂದು ಹೂಕುಂಡವೂ ಇಲ್ಲ.

ದಾರಿ ಗಟ್ಟಿಯಾದ ಮೇಲೆ ಸೋಫಾ ಗೋಡೆ ಬಿಟ್ಟು ಬಂತು. ಈಗ ಅದು ಹಾಲ್‌ಗೆ ಅಡ್ಡ ನಿಂತಿದೆ. ಮುಖ ಪೂರ್ವಕ್ಕೆ, ಬೆನ್ನು ಊಟದ ಟೇಬಲ್ ಕಡೆಗೆ. ದಕ್ಷಿಣದ ಗೋಡೆಯಿಂದ ಅರ್ಧ ಅಡಿ ಬಿಟ್ಟಿದ್ದೇನೆ, ಪೊರಕೆ ಹೋಗಬೇಕಲ್ವಾ. ಟಿವಿ ಪೂರ್ವದ ಗೋಡೆಗೆ ಹೋಯಿತು, ಮುಂಬಾಗಿಲು ಮತ್ತು ಕಿಟಕಿ ನಡುವೆ. ಗೋಡೆ ಕಟ್ಟದೆಯೇ ಹಾಲ್ ಎರಡಾಯಿತು. ಸೋಫಾದ ಬೆನ್ನೇ ಗೋಡೆ. ಈಚೆ ಕೂತವರು ಟಿವಿ ನೋಡುತ್ತಾರೆ, ಆಚೆ ಮಗಳು ಊಟದ ಟೇಬಲ್ ಮೇಲೆ ಹೋಂವರ್ಕ್ ಮಾಡುತ್ತಾಳೆ. ಅಡುಗೆ ಮಾಡುತ್ತಾ ನನ್ನ ಹೆಂಡತಿ ಇಬ್ಬರನ್ನೂ ಬೈಯಬಹುದು.

ಹೇಳಿದಷ್ಟು ಸಲೀಸಾಗಿ ಆಗಲಿಲ್ಲ ಬಿಡಿ. ಸೋಫಾ ಸಾಗಿಸಲು ನಾನು, ಮಗ, ಪಕ್ಕದ ಮನೆಯವರು, ಅವರ ಅಳಿಯ, ನಾಲ್ಕು ಜನ ಬೆವರಿದೆವು. ನಮ್ಮೂರ ಕೋಟೆಯಲ್ಲಿ 1294ರ ಶಾಸನ ಇರುವ ಸುಮಾರು 41 ಅಡಿ ಉದ್ದದ ಕಲ್ಲಿದೆ. ಅದನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತರುವ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನೇ ಅದನ್ನು ತೋರಿಸಿ ದೊಡ್ಡದಾಗಿ ವಿವರಿಸುತ್ತೇನೆ. ಇಲ್ಲಿ 7 ಅಡಿಯ ಸೋಫಾ ತಿರುಗಿಸಲು ನನ್ನಿಂದ ಆಗಲಿಲ್ಲ. ಕೊನೆಗೆ ಅವ್ವ ಮಾಳಿಗೆಯಿಂದ ಹಳೆಯ ಗೋಣಿಚೀಲ ತರಿಸಿದಳು. ಝಾಡಿಸಿ, ಹರಳು ಇಲ್ಲದ್ದು ನೋಡಿಕೊಂಡು, ಕಾಲುಗಳ ಕೆಳಗೆ ಮಡಿಚಿ ಇಟ್ಟು ಎಳೆದರೆ ಟೈಲ್ಸ್ ಮೇಲೆ ಸುಮ್ನೆ ಜಾರಿಕೊಂಡು ಬಂತು. ಒಂದು ಗೀರೂ ಬೀಳಲಿಲ್ಲ. ಈಗ ಯಾವ ಸಾಮಾನು ಸರಿಸಬೇಕಾದರೂ ನನ್ನ ಮಗನೊಬ್ಬನೇ ಸಾಕು.

ಸೋಫಾ ತಿರುಗಿದ ಮೇಲೆ ಇನ್ನೊಂದು ಫಜೀತಿ. ಅದರ ಬೆನ್ನು! ಅಂಗಡಿಯಲ್ಲಿ ಸೋಫಾವನ್ನು ಮುಂದಿನಿಂದ ನೋಡಿರುತ್ತೇವೆ. ಬೆನ್ನಿಗೆ ಏನಿದೆ ಅಂತ ಯಾರು ನೋಡುತ್ತಾರೆ? ನೋಡಿದರೆ ಕರೀ ತೆಳು ಬಟ್ಟೆಯನ್ನು ಪಿನ್ ಹೊಡೆದು ಮುಚ್ಚಿದ್ದರು. ಒಂದು ಕಡೆ ಬಿಚ್ಚಿ ಒಳಗಿನ ಕಟ್ಟಿಗೆ ಕಾಣುತ್ತಿತ್ತು. ‘ಊಟ ಮಾಡೋವಾಗ ಇದನ್ನ ನೋಡ್ಕೋತ ಕುಂದ್ರಬೇಕೇನ್ರಿ?’ ಅಂದಳು ಹೆಂಡತಿ. ಒಂದು ವಾರ ಹಾಸಿಗೆಯ ಹೊದಿಕೆ ಹಾಕಿ ಮುಚ್ಚಿದೆವು, ಅದು ದಿನಾ ಜಾರುತ್ತಿತ್ತು. ಆಮೇಲೆ ಬಡಿಗೇರರನ್ನು ಕರೆಸಿ ಸೋಫಾದಷ್ಟೇ ಎತ್ತರದ, 10 ಇಂಚು ಅಗಲದ ಪ್ಲೈವುಡ್ ಶೆಲ್ಫ್ ಮಾಡಿಸಿದೆ. ಸೋಫಾದ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದೆ. ಅದರ ಮುಖ ಊಟದ ಕಡೆಗೆ. ಮಕ್ಕಳ ಪುಸ್ತಕ, ಜಾಮಿಟ್ರಿ ಬಾಕ್ಸು, ಮೇಲೆ ನೀರಿನ ಜಗ್ಗು. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಸಾಮಾನು ಇದೇ. ಓಪನ್ ಹಾಲ್‌ಗೆ ಸೋಫಾ ಕೊಳ್ಳುವವರು ಅದನ್ನು ಅಂಗಡಿಯಲ್ಲೇ ತಿರುಗಿಸಿ ಬೆನ್ನು ನೋಡಿ.

ಊಟದ ಟೇಬಲ್ ಬಗ್ಗೆ ಹೇಳೋದು ಜಾಸ್ತಿ ಏನಿಲ್ಲ. ಕುರ್ಚಿ ಹಿಂದಕ್ಕೆ ಎಳೆದು ಎದ್ದೇಳಲು ಟೇಬಲ್ ಅಂಚಿನಿಂದ 3 ಅಡಿ ಬೇಕು. ನಮಗೆ ಎರಡೂ ಬದಿ ಸಿಕ್ಕಿತು, ಟೇಬಲ್‌ನ ಒಂದು ತಲೆಯನ್ನು ದಕ್ಷಿಣದ ಗೋಡೆಗೆ ಹಚ್ಚಿದ್ದರಿಂದ. ಅಷ್ಟೇ.

ಫ್ಯಾನ್ ವಿಷಯಕ್ಕೆ ಬಂದರೆ, ಅದರ ಕೊಕ್ಕೆ ಸ್ಲ್ಯಾಬ್ ಹಾಕುವಾಗಲೇ ಕೂತುಬಿಟ್ಟಿರುತ್ತದೆ. ನಮ್ಮ ಮುಂದಿನ ಫ್ಯಾನ್ ಪೂರ್ವದ ಗೋಡೆಯಿಂದ 6 ಅಡಿಗಿದೆ. ಸೋಫಾವನ್ನು ಮೊದಲು ಟಿವಿಯಿಂದ 9 ಅಡಿ ದೂರ ಇಟ್ಟಿದ್ದೆ. ಗಾಳಿ ಮಂಡಿಗೆ ಬಡಿಯುತ್ತಿತ್ತು, ಮುಖಕ್ಕೆ ಇಲ್ಲ. ಒಂದು ಅಡಿ ಮುಂದೆ ತಂದೆ. ನಮ್ಮದು 43 ಇಂಚಿನ ಟಿವಿ, 8 ಅಡಿ ಅದಕ್ಕೆ ಸರಿಯಾಗಿಯೇ ಇದೆ. ಕಣ್ಣಿಗೂ ಸುಖ, ಊಟದ ಕಡೆಗೂ ಒಂದು ಅಡಿ ಹೆಚ್ಚಿಗೆ ಸಿಕ್ಕಿತು.

ಆದರೆ ನಮ್ಮ ಕಡೆ ಮನೆಯ ಯಜಮಾನ ಫ್ಯಾನ್ ಅಲ್ಲ, ಕೂಲರ್. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ಇದು. ಮೊದಲಿನ ಜೋಡಣೆಯಲ್ಲಿ ಕೂಲರ್ ದಕ್ಷಿಣದ ಕಿಟಕಿಯಲ್ಲಿ, ಟಿವಿಯ ಪಕ್ಕದಲ್ಲೇ ಇತ್ತು. ಕೂಲರ್ ಸದ್ದಿಗೆ ಟಿವಿ ಜೋರು, ಟಿವಿಯ ಜೋರಿಗೆ ನಾವು ಜೋರು. ಟಿವಿ ಬೇರೆ ಗೋಡೆಗೆ ಹೋದ ಮೇಲೆ ಆ ಗದ್ದಲ ಅರ್ಧ ಇಳಿಯಿತು. ಅಲ್ಲೂ ಒಂದು ತಪ್ಪು ಮಾಡಿದೆ. ಉಳಿದ ಎರಡು ಕುರ್ಚಿಗಳನ್ನು ಕೂಲರ್ ಮುಂದೆ ಸಾಲಾಗಿ ಇಟ್ಟೆ. ಅಲ್ಲಿ ಕೂತವರಿಗೆ ನಡುಕ, ಸೋಫಾದವರಿಗೆ ಧಗೆ. ಕುರ್ಚಿಯ ಬೆನ್ನು ಗಾಳಿಯನ್ನು ಪೂರಾ ತಡೆಯುತ್ತಿತ್ತು. ಒಂದು ಕುರ್ಚಿ ಮಲಗುವ ಕೋಣೆ ಸೇರಿತು, ಇನ್ನೊಂದನ್ನು ನಾದಿನಿಯ ಮನೆಗೆ ಕೊಟ್ಟೆವು. ಕೂಲರ್ ಮುಂದೆ ಈಗ ಏನೂ ಇಲ್ಲ. ಅದರ ಪಟ್ಟಿಗಳನ್ನು ಸೋಫಾ ಕಡೆಗೆ ಓರೆ ಮಾಡಿದ್ದೇವೆ.

ಇನ್ನೊಂದು ಮಾತು. ಕೂಲರ್ ಹೊರಗಿನ ಒಣ ಗಾಳಿಯನ್ನು ಒಳಗೆ ತಳ್ಳುತ್ತದೆ. ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು. ಎಸಿ ಥರ ಎಲ್ಲ ಮುಚ್ಚಿ ಕೂತರೆ ಮೈಯೆಲ್ಲ ಅಂಟು ಅಂಟು. ನಾವು ಪಶ್ಚಿಮದ ಅಡುಗೆಮನೆ ಕಿಟಕಿ ತೆರೆದಿಡುತ್ತೇವೆ. ಗಾಳಿ ಹಾಲ್‌ನಿಂದ ಊಟದ ಜಾಗ ದಾಟಿ ಅಲ್ಲಿಂದ ಹೊರಗೆ ಹೋಗುತ್ತದೆ. ಒಗ್ಗರಣೆಯ ಘಾಟು ಹಾಲ್‌ಗೆ ಬರೋದೂ ನಿಂತಿತು. ಓಪನ್ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೆ ಏನಾಗುತ್ತದೆ ಅಂತ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ಲಾಭ ಅಂತ ಗೊತ್ತು. ರೊಟ್ಟಿ ಮಾಡುವಾಗ ಮಾತ್ರ ಒಲೆಯ ಉರಿ ಅಲುಗಾಡುತ್ತದೆ ಅಂತ ಹೆಂಡತಿಯ ತಕರಾರು. ಆ ಅರ್ಧ ಗಂಟೆ ಕೂಲರ್ ಸ್ಪೀಡು ಕಡಿಮೆ ಮಾಡುತ್ತೇವೆ.

ಅದೇ ಅಡುಗೆಮನೆ ಕಿಟಕಿ ಸಂಜೆ ಐದಕ್ಕೆ ಸೇಡು ತೀರಿಸಿಕೊಂಡಿತು. ಇಳಿಬಿಸಿಲು ನೇರ ಒಳಗೆ ಬಂದು ಟಿವಿ ಪರದೆಗೆ ಹೊಡೆಯಿತು. ಟಿವಿಯಲ್ಲಿ ಬ್ಯಾಟ್ಸ್‌ಮನ್ ಬದಲು ನಮ್ಮ ಕುಕ್ಕರ್ ಕಾಣುತ್ತಿತ್ತು. ಕಿಟಕಿಗೆ ಪರದೆ ಹಾಕಿದರೆ ಗಾಳಿ ನಿಲ್ಲುತ್ತದೆ. ಹಾಗಾಗಿ ಟಿವಿಗೆ ತಿರುಗುವ ಬ್ರ್ಯಾಕೆಟ್ ಹಾಕಿಸಿದೆ. ಸಂಜೆ ಸ್ವಲ್ಪ ದಕ್ಷಿಣಕ್ಕೆ ಹೊರಳಿಸಿದರೆ ಆಯಿತು. ವೈರನ್ನು ಗೋಡೆಗುಂಟ ಕೇಸಿಂಗ್ ಪಟ್ಟಿಯಲ್ಲಿ ತಂದಿದ್ದೇವೆ. ಎಲೆಕ್ಟ್ರಿಷಿಯನ್ ಜಮಖಾನೆಯ ಕೆಳಗೆ ಎಳೆದುಬಿಡೋಣ ಅಂದ. ನಾನು ಒಪ್ಪಲಿಲ್ಲ. ದಿನಾ ತುಳಿಯುವ ಕಡೆ ವೈರು ಸವೆದು, ಬಿಸಿಯಾಗಿ, ಕಾಣದ ಹಾಗೆ ಸುಡುತ್ತದೆ.

ಅವ್ವನಿಗೆ ಸೋಫಾ ಆಗಿಬರುವುದಿಲ್ಲ. ತಗ್ಗು, ಮೆತ್ತಗೆ, ಕೂತರೆ ಏಳಲು ಮಂಡಿ ನೋವು. ಅವಳಿಗೆ ಕೈಯಿರುವ, 18 ಇಂಚು ಎತ್ತರದ ಹಳೆಯ ಕಟ್ಟಿಗೆ ಕುರ್ಚಿಯನ್ನೇ ಕಿಟಕಿ ಮೂಲೆಗೆ ಇಟ್ಟೆ. ಅಲ್ಲಿಂದ ರಸ್ತೆಯೂ ಕಾಣುತ್ತದೆ, ಟಿವಿಯವರ ಮುಖವೂ ಕಾಣುತ್ತದೆ. ಟಿವಿ ಕಾಣುವುದಿಲ್ಲ, ಅವಳಿಗೆ ಅದು ಬೇಕೂ ಇಲ್ಲ.

ಸೆಂಟರ್ ಟೇಬಲ್ ಬಗ್ಗೆ ಮನೆಯಲ್ಲಿ ಜಗಳವೇ ಆಯಿತು. ಸೋಫಾ ಅಂಚಿನಿಂದ ಒಂದೂವರೆ ಅಡಿ ಬಿಟ್ಟು ಇಡಬೇಕು ಅನ್ನೋದು ಲೆಕ್ಕ. ಇಟ್ಟೆ, ಚಂದವೂ ಕಂಡಿತು. ಆದರೆ ನೆಲ ಹೋಯಿತು. ನಮ್ಮ ಮನೆಯಲ್ಲಿ ತೊಗರಿ ಹಸನು ಮಾಡುವುದು ನೆಲದ ಮೇಲೆ, ಬಟ್ಟೆ ಮಡಿಚುವುದು ನೆಲದ ಮೇಲೆ. ಹಬ್ಬಕ್ಕೆ ನೆಂಟರು ಬಂದರೆ ಎರಡು ಸಾಲು ಪಂಕ್ತಿ ಹಾಕುವುದೂ ಅಲ್ಲೇ. ಮೇ ತಿಂಗಳಲ್ಲಂತೂ ಮಲಗುವ ಕೋಣೆಗಳು ಇದ್ದೂ ಇಲ್ಲದ ಹಾಗೆ. ರಾತ್ರಿ ಹತ್ತಕ್ಕೆ ಎಲ್ಲರೂ ಚಾಪೆ, ದಿಂಬು ಹೊತ್ತು ಕೂಲರ್ ಮುಂದೆ ಬರುತ್ತಾರೆ. ರಜೆಗೆ ಬಂದ ತಂಗಿಯ ಮಕ್ಕಳೂ ಸೇರಿ ಏಳು ಜನ. ಮೊದಲ ರಾತ್ರಿ ಆ ಗಾಜಿನ ಟೇಬಲ್ ಎತ್ತಿ ಗೋಡೆಗೆ ನಿಲ್ಲಿಸಿದವರು ಮತ್ತೆ ಇಳಿಸಲೇ ಇಲ್ಲ. ಈಗ ಎರಡು ಸಣ್ಣ ಟೀಪಾಯಿಗಳಿವೆ. ಒಂದರೊಳಗೆ ಒಂದು ಹೋಗುತ್ತದೆ, ಮಗಳೇ ಒಂದು ಕೈಯಲ್ಲಿ ಎತ್ತುತ್ತಾಳೆ. ಉಳಿದದ್ದು ಬರೀ ಜಮಖಾನೆ. ನೋಡಲು ಬಂದವರು ‘ಇಲ್ಲೇನೋ ಇಡೋದು ಬಾಕಿ ಐತಲ್ರಿ’ ಅನ್ನುತ್ತಾರೆ. ಬಾಕಿ ಏನೂ ಇಲ್ಲ.

ವಾಸ್ತು ಹೇಳುವವರೂ ಬಂದರು. ಭಾರದ ಸಾಮಾನು ನೈಋತ್ಯಕ್ಕಿರಬೇಕಂತೆ. ನಮ್ಮ ನೈಋತ್ಯದಲ್ಲಿ ಫ್ರಿಜ್ಜಿದೆ, ಸಾಕಷ್ಟು ಭಾರವಿದೆ ಅಂತ ಹೇಳಿ ಚಹಾ ಕುಡಿಸಿ ಕಳಿಸಿದೆವು.

ಸೋತಿರುವುದು ಚಪ್ಪಲಿ ಸ್ಟ್ಯಾಂಡಿನ ಮುಂದೆ. ಮುಂಬಾಗಿಲ ಹತ್ತಿರ ಒಳಗಿಟ್ಟರೆ ದಾರಿಯ ಬಾಯಿಗೇ ಅಡ್ಡ. ಹೊರಗಿಟ್ಟರೆ ಓಣಿಯ ನಾಯಿ ಒಂದೊಂದೇ ಎತ್ತಿಕೊಂಡು ಹೋಗುತ್ತದೆ. ಹೋದ ತಿಂಗಳು ಮಗನ ಸ್ಕೂಲ್ ಬೂಟಿನ ಎಡಗಾಲಿನದು ಹೋಯಿತು. ಸದ್ಯಕ್ಕೆ ಸ್ಟ್ಯಾಂಡು ಒಳಗೇ, ಅವ್ವನ ಕಿಟಕಿಯ ಕೆಳಗಿದೆ. ಅವ್ವ ಕುರ್ಚಿಯಲ್ಲಿ ಕೂತು ಮೂಗು ಮುಚ್ಚಿಕೊಂಡು ನನ್ನನ್ನೇ ನೋಡುತ್ತಾಳೆ. ಈ ಭಾನುವಾರ ಮತ್ತೆ ಪೇಪರ್ ಹಾಸಬೇಕು.